ಯಾವ ವಯಸ್ಸಿಗೆ ಎಂಥ ಉಳಿತಾಯ? ಸ್ಕೀಮು ಆಮೇಲೆ, ಮೊದಲು ಸರದಿ

"ನನಗೆ 28 ವರ್ಷ, ಯಾವುದರಲ್ಲಿ ಹಣ ಹಾಕಲಿ?" "ನನಗೆ 47, ಈಗ ಶುರು ಮಾಡಿದರೆ ತಡವಾಯ್ತಾ?" "ಮೊದಲು ಸಾಲ ತೀರಿಸಲೋ, ಉಳಿಸಲೋ?" ಓದುಗರು ಸುತ್ತಿ ಬಳಸಿ ಕೇಳುವುದು ಈ ಮೂರು ಪ್ರಶ್ನೆಗಳನ್ನೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಉತ್ತರ ಕೆಲವರಿಗೆ ಸಪ್ಪೆ ಅನ್ನಿಸಬಹುದು. ಯಾವ ಸ್ಕೀಮು ಅನ್ನುವುದಕ್ಕಿಂತ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಇಲ್ಲಿ ದೊಡ್ಡ ವಿಷಯ. ಒಳ್ಳೆಯ ಕಡೆಯೇ ಹಣ ಹಾಕಿಯೂ ಸರದಿ ತಪ್ಪಿ ಪೇಚಿಗೆ ಸಿಕ್ಕವರು ಬೇಕಾದಷ್ಟು ಜನ ಇದ್ದಾರೆ. ಷೇರು ಕೊಂಡಿರುತ್ತಾರೆ, ಕೈಯಲ್ಲಿ ಎರಡು ತಿಂಗಳ ಖರ್ಚಿಗೆ ಕಾಸಿರುವುದಿಲ್ಲ. ಕೆಲಸ ಹೋದ ತಿಂಗಳೇ ಷೇರು ಬಿದ್ದಿರುತ್ತದೆ. ಬಿದ್ದ ಬೆಲೆಗೇ ಮಾರಬೇಕಾಗುತ್ತದೆ. ತಪ್ಪು ಷೇರಿನದಲ್ಲ, ಸರದಿಯದು.

ಕೆಳಗಿನ ಲೆಕ್ಕಗಳಲ್ಲಿ ಯಾವ ದೇಶದ ನಾಣ್ಯದ ಹೆಸರನ್ನೂ ಹಾಕಿಲ್ಲ. ಬಡ್ಡಿಯ ಗಣಿತ ಎಲ್ಲ ಕಡೆಯೂ ಒಂದೇ. ತೆರಿಗೆಯ ನಿಯಮ ಮಾತ್ರ ಊರಿಂದೂರಿಗೆ ಬೇರೆ. ಅದನ್ನು ನಿಮ್ಮಲ್ಲಿಯೇ ವಿಚಾರಿಸಿಕೊಳ್ಳಿ.

ಶುರು ಮಾಡುವ ಮುಂಚೆ

ಒಂದು ಹಾಳೆ ತಗೊಂಡು ನಾಲ್ಕು ಅಂಕಿ ಬರೆಯಿರಿ. ತಿಂಗಳಿಗೆ ಕೈಗೆ ಬರುವ ಹಣ ಎಷ್ಟು? ತಿಂಗಳಿಗೆ ಆಗುವ ಖರ್ಚು ಎಷ್ಟು? ಒಟ್ಟು ಸಾಲ ಎಷ್ಟು, ಪ್ರತಿ ಸಾಲದ ಬಡ್ಡಿ ದರ ಎಷ್ಟು? ಇಲ್ಲಿಯವರೆಗೆ ಕೂಡಿಟ್ಟದ್ದು ಎಷ್ಟು?

ಎರಡನೆಯ ಅಂಕಿಯಲ್ಲಿ ಎಲ್ಲರೂ ಎಡವುತ್ತಾರೆ. ಅಂದಾಜಿನಲ್ಲಿ ಬರೆದ ಖರ್ಚು ನಿಜವಾದ ಖರ್ಚಿಗಿಂತ ಕಡಿಮೆಯೇ ಇರುತ್ತದೆ. ಯಾಕೆಂದರೆ ವರ್ಷಕ್ಕೊಮ್ಮೆ ಬರುವ ಖರ್ಚುಗಳು ಆ ಹೊತ್ತಿಗೆ ನೆನಪಾಗುವುದಿಲ್ಲ. ವಿಮೆಯ ಕಂತು, ಶಾಲೆಯ ಫೀಸು, ವಾಹನದ ರಿಪೇರಿ, ಇಂಥವು. ಸುಲಭದ ದಾರಿ ಹೇಳುತ್ತೇನೆ. 12 ತಿಂಗಳ ಹಿಂದೆ ಬ್ಯಾಂಕಿನಲ್ಲಿ ಎಷ್ಟಿತ್ತು, ಈಗ ಎಷ್ಟಿದೆ, ನಡುವೆ ಎಷ್ಟು ಬಂತು ನೋಡಿ. ಬಂದದ್ದರಲ್ಲಿ ಉಳಿದಿರದೆ ಹೋದದ್ದೆಲ್ಲ ಖರ್ಚು. ನೀವೇ ಉಳಿತಾಯಕ್ಕೆ ಅಂತ ಬೇರೆ ಕಡೆ ಹಾಕಿದ್ದನ್ನು ಅದರಿಂದ ಕಳೆಯಿರಿ. ಉಳಿದದ್ದನ್ನು 12ರಿಂದ ಭಾಗಿಸಿ. ಬರುವ ಅಂಕಿ ಸ್ವಲ್ಪ ಗಾಬರಿ ಹುಟ್ಟಿಸಬಹುದು, ಆದರೆ ಅದೇ ಸರಿಯಾದ ಅಂಕಿ.

ಮುಂದೆ ಎರಡು ಪದ ಮತ್ತೆ ಮತ್ತೆ ಬರುತ್ತವೆ. ಒಂದು, ಚಕ್ರಬಡ್ಡಿ. ಬಡ್ಡಿಯನ್ನು ತೆಗೆಯದೆ ಬಿಟ್ಟರೆ ಅದೂ ಅಸಲಿಗೆ ಸೇರಿ, ಬಡ್ಡಿಯ ಮೇಲೆ ಬಡ್ಡಿ ಹುಟ್ಟುತ್ತದೆ. ಇನ್ನೊಂದು, ಹಣದುಬ್ಬರ. ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗಿ, ಅದೇ ಹಣಕ್ಕೆ ಸಿಗುವ ಸಾಮಾನು ಕಡಿಮೆಯಾಗುವುದು.

ಎರಡಕ್ಕೂ ಸೇರಿ ಒಂದು ಬಾಯಿಲೆಕ್ಕ ಇದೆ. 72ನ್ನು ದರದಿಂದ ಭಾಗಿಸಿ. ಬಂದಷ್ಟು ವರ್ಷಕ್ಕೆ ಹಣ ದುಪ್ಪಟ್ಟು. ಶೇ. 8ರ ಬಡ್ಡಿಗೆ 9 ವರ್ಷ. ಹಣದುಬ್ಬರ ಶೇ. 6 ಇದ್ದರೆ ಬೆಲೆಗಳು 12 ವರ್ಷಕ್ಕೆ ದುಪ್ಪಟ್ಟು. ಇದೇನು ಹೊಸ ಜಾಣತನ ಅಲ್ಲ. ಇಟಲಿಯ ಲುಕಾ ಪಚೋಲಿ 1494ರಲ್ಲೇ ಇದನ್ನು ಬರೆದಿಟ್ಟಿದ್ದ.

ಈ ಎರಡನ್ನೂ ಒಟ್ಟಿಗೆ ನೋಡಿದರೆ ಒಂದು ಕಹಿ ಸತ್ಯ ಕಾಣುತ್ತದೆ. ಠೇವಣಿಗೆ ಶೇ. 7 ಬಡ್ಡಿ ಬಂತು ಎಂದಿಟ್ಟುಕೊಳ್ಳಿ. ಬಡ್ಡಿಯ ಮೇಲೆ ಶೇ. 20 ತೆರಿಗೆ ಹೋದರೆ ಕೈಗೆ ಉಳಿದದ್ದು ಶೇ. 5.6. ಬೆಲೆ ಏರಿದ್ದು ಶೇ. 6. ಪಾಸ್‌ಬುಕ್ಕಿನಲ್ಲಿ ಅಂಕಿ ಬೆಳೆದಿದೆ, ಕೊಳ್ಳುವ ಶಕ್ತಿ ಇಳಿದಿದೆ. ಠೇವಣಿಯೇ ಬೇಡ ಅಂತ ಇದರ ಅರ್ಥವಲ್ಲ. ಬೇಗ ಬೇಕಾಗುವ ಹಣಕ್ಕೆ ಅದೇ ಸರಿಯಾದ ಜಾಗ. ಮೂವತ್ತು ವರ್ಷ ಬಿಟ್ಟು ಬೇಕಾಗುವ ಹಣಕ್ಕೆ ಅಲ್ಲ.

ಹಂತ 1: ಮೊದಲ ಸಂಬಳ ಬಂದಾಗ

ಇಪ್ಪತ್ತರ ಹರೆಯದಲ್ಲಿ ನಿಮ್ಮ ಹತ್ತಿರ ಹಣ ಕಡಿಮೆ, ಕಾಲ ಜಾಸ್ತಿ. ಆ ಕಾಲದ ಬೆಲೆ ಎಷ್ಟು ಅಂತ ಒಮ್ಮೆ ನೋಡಿ. 25ನೇ ವಯಸ್ಸಿನಿಂದ ತಿಂಗಳಿಗೆ 5,000 ಹಾಕುತ್ತಾ ಹೋದಿರಿ, ವರ್ಷಕ್ಕೆ ಶೇ. 8ರಂತೆ ಬೆಳೆಯಿತು. 60ಕ್ಕೆ ಸುಮಾರು 1.15 ಕೋಟಿ. ಇದೇ ಕೆಲಸ 35ಕ್ಕೆ ಶುರು ಮಾಡಿದರೆ ಸುಮಾರು 47.5 ಲಕ್ಷ. ಹತ್ತು ವರ್ಷ ತಡ ಮಾಡಿದ್ದಕ್ಕೆ ನೀವು ಕಟ್ಟದೆ ಉಳಿಸಿಕೊಂಡದ್ದು ಬರೀ 6 ಲಕ್ಷ. ಕಳೆದುಕೊಂಡದ್ದು 67 ಲಕ್ಷ.

ಶೇ. 8 ಎಂಬುದು ಲೆಕ್ಕಕ್ಕೆ ಹಿಡಿದ ಅಂಕಿ, ಯಾರೂ ಕೊಡುವ ಗ್ಯಾರಂಟಿ ಅಲ್ಲ. ಆದರೆ ದರ ಯಾವುದೇ ಇರಲಿ, ತಡ ಮಾಡಿದವರು ಹಿಂದೆ ಬೀಳುವುದು ತಪ್ಪುವುದಿಲ್ಲ.

ಈ ಹಂತದಲ್ಲಿ ಮಾಡಬೇಕಾದ ಕೆಲಸ ಹೀಗಿದೆ. ಸಂಬಳ ಬಂದ ದಿನವೇ ಒಂದು ಭಾಗ ತಾನಾಗಿಯೇ ಬೇರೆ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಹೇಳಿಡಿ. ತಿಂಗಳ ಕೊನೆಗೆ ಉಳಿದದ್ದನ್ನು ಇಡೋಣ ಅಂದರೆ ಏನೂ ಉಳಿದಿರುವುದಿಲ್ಲ.

ಎಷ್ಟು ಭಾಗ? 50-30-20 ಅನ್ನುವ ಸೂತ್ರ ಕೇಳಿರುತ್ತೀರಿ. ಅಗತ್ಯಕ್ಕೆ ಅರ್ಧ, ಆಸೆಗೆ ಶೇ. 30, ಉಳಿತಾಯಕ್ಕೆ ಶೇ. 20. ನನಗೆ ಇದರ ಮೇಲೆ ಅಷ್ಟೇನೂ ಭಕ್ತಿ ಇಲ್ಲ. ಕಡಿಮೆ ಸಂಬಳದವರಿಗೆ ಅಗತ್ಯಕ್ಕೇ ಮುಕ್ಕಾಲು ಭಾಗ ಹೋಗುತ್ತದೆ. ಜಾಸ್ತಿ ಸಂಬಳದವರಿಗೆ ಶೇ. 20 ತೀರಾ ಸಣ್ಣ ಗುರಿ. ಶೇ. 5ರಿಂದ ಶುರು ಮಾಡಿದರೂ ಅಡ್ಡಿಯಿಲ್ಲ, ಒಂದು ಷರತ್ತು ಇಟ್ಟುಕೊಳ್ಳಿ: ಸಂಬಳ ಏರಿದಾಗಲೆಲ್ಲ ಏರಿದ್ದರಲ್ಲಿ ಅರ್ಧ ಉಳಿತಾಯಕ್ಕೆ.

ಈ ಉಪಾಯಕ್ಕೆ ಪುರಾವೆ ಇದೆ. ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಒಂದು ಕಂಪನಿಯ ನೌಕರರಿಗೆ ಹೀಗೇ ಹೇಳಿದರು. ಈಗೇನೂ ಕೊಡಬೇಡಿ, ಮುಂದೆ ಸಂಬಳ ಏರಿದಾಗ ಅದರಲ್ಲಿ ಒಂದು ಪಾಲು ಉಳಿತಾಯಕ್ಕೆ ಹೋಗಲಿ ಅಂತ ಇವತ್ತೇ ಒಪ್ಪಿಕೊಳ್ಳಿ. ಒಪ್ಪಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ. 3.5ರಿಂದ ಶೇ. 13.6ಕ್ಕೆ ಏರಿತು. ಈ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಇದು ಫಲಿಸಲು ಕಾರಣ ಸರಳ. ಕೈಗೆ ಬಾರದ ಹಣ ಕೈಬಿಟ್ಟು ಹೋದಂತೆ ಅನ್ನಿಸುವುದಿಲ್ಲ.

ಎಡವುವ ಜಾಗ: ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ಅಲ್ವಾ? ಸಂಬಳ ಏರಿದಾಗ ಹಾಸಿಗೆ ಉದ್ದವಾಗುತ್ತದೆ, ಕಾಲು ಅದಕ್ಕಿಂತ ಬೇಗ ಬೆಳೆಯುತ್ತದೆ. ನನ್ನ ಸಂಬಳ ಮೊದಲ ಸಲ ಚೆನ್ನಾಗಿ ಏರಿದ ವರ್ಷವೇ ನನ್ನ ಉಳಿತಾಯ ಇಳಿದಿತ್ತು.

ಹಂತ 2: ಆಪತ್ತಿನ ಹಣ

ಯಾವ ಹೂಡಿಕೆಗೂ ಮೊದಲು ಇದು. ಕೆಲಸ ಹೋದರೆ, ಕಾಯಿಲೆ ಬಿದ್ದರೆ ಸಾಲಕ್ಕೆ ಕೈ ಚಾಚದೆ ಬದುಕಲು ಬೇಕಾದ ಹಣ. ಸಂಬಳದವರಿಗೆ 3ರಿಂದ 6 ತಿಂಗಳ ಖರ್ಚು. ಸ್ವಂತ ಉದ್ಯೋಗ ಇರುವವರು, ಮನೆಯಲ್ಲಿ ಒಬ್ಬರೇ ದುಡಿಯುವವರು 12 ತಿಂಗಳವರೆಗೂ ಇಟ್ಟುಕೊಳ್ಳುವುದು ಒಳ್ಳೆಯದು. ಗಮನಿಸಿ, ಸಂಬಳದ ಲೆಕ್ಕವಲ್ಲ, ಖರ್ಚಿನ ಲೆಕ್ಕ.

ಇದಕ್ಕೆ ಎಷ್ಟು ದಿನ ಬೇಕು? ಸಂಬಳದಲ್ಲಿ ಹತ್ತನೇ ಒಂದು ಭಾಗ ಉಳಿಸುವವರಿಗೆ ಒಂದು ತಿಂಗಳ ಖರ್ಚು ಕೂಡಿಡಲು 9 ತಿಂಗಳು ಹಿಡಿಯುತ್ತದೆ. ಐದನೇ ಒಂದು ಭಾಗ ಉಳಿಸುವವರಿಗೆ 4 ತಿಂಗಳು. ಮೂರನೇ ಒಂದು ಭಾಗ ಉಳಿಸಿದರೆ ಎರಡೇ ತಿಂಗಳು. ಖರ್ಚು ಇಳಿಸಿದಾಗ ಲಾಭ ಎರಡು ಕಡೆಯಿಂದ ಬರುತ್ತದೆ. ಉಳಿಯುವುದು ಹೆಚ್ಚುತ್ತದೆ, ಕೂಡಿಡಬೇಕಾದ ಮೊತ್ತವೂ ಇಳಿಯುತ್ತದೆ.

ಈ ಹಣ ಒಂದು ದಿನದೊಳಗೆ ಕೈಗೆ ಸಿಗಬೇಕು, ಬೆಲೆ ಏರಿಳಿಯಬಾರದು. ಉಳಿತಾಯ ಖಾತೆ ಅಥವಾ ಬೇಕಾದಾಗ ಮುರಿಸಬಹುದಾದ ಠೇವಣಿ ಸಾಕು. ಸುಮ್ನೆ ಕೂತಿದೆ ಅಂತ ಇದನ್ನು ಎಲ್ಲೋ ಹೂಡಲು ಕೈ ತುರಿಸುತ್ತದೆ. ಬೇಡ. ಸುಮ್ನೆ ಕೂರುವುದೇ ಅದರ ಕೆಲಸ.

ಹಂತ 3: ದುಬಾರಿ ಸಾಲ ತೀರಿಸಿ

ಆಪತ್ತಿನ ಹಣ ಒಂದು ತಿಂಗಳ ಖರ್ಚಿನಷ್ಟು ಆದ ಕೂಡಲೇ ಅದನ್ನು ಅಲ್ಲಿಗೆ ನಿಲ್ಲಿಸಿ, ಇತ್ತ ತಿರುಗಿ. ದುಬಾರಿ ಸಾಲ ತೀರಿದ ಮೇಲೆ ಉಳಿದದ್ದನ್ನು ತುಂಬಿಸಬಹುದು.

ದುಬಾರಿ ಅಂದರೆ ಎಷ್ಟು? ನಿಮ್ಮ ಹೂಡಿಕೆಯಿಂದ ಬರಬಹುದಾದ ಆದಾಯಕ್ಕಿಂತ ಬಡ್ಡಿ ಜಾಸ್ತಿ ಇರುವ ಯಾವ ಸಾಲವಾದರೂ ದುಬಾರಿಯೇ. ಅದರಲ್ಲಿ ಮೊದಲ ಸ್ಥಾನ ಕ್ರೆಡಿಟ್ ಕಾರ್ಡ್ ಬಾಕಿಗೆ. ತಿಂಗಳಿಗೆ ಶೇ. 3 ಅಂದರೆ ಕೇಳಲು ಸಣ್ಣದು. ಬಡ್ಡಿಯ ಮೇಲೆ ಬಡ್ಡಿ ಸೇರಿ ವರ್ಷಕ್ಕೆ ಶೇ. 42ಕ್ಕೂ ಮೀರುತ್ತದೆ. ಅತ್ತ ಶೇ. 42 ಕಟ್ಟುತ್ತಾ ಇತ್ತ ಶೇ. 8ಕ್ಕೆ ಉಳಿಸುವುದು ತೂತು ಬಿಂದಿಗೆಗೆ ನೀರು ಸೇದಿ ಹಾಕಿದ ಹಾಗೆ.

'ಕನಿಷ್ಠ ಮೊತ್ತ' ಎಂಬ ಸಾಲು ಬಿಲ್ಲಿನಲ್ಲಿ ಇರುತ್ತದಲ್ಲ, ಅದರ ಆಟ ಹೀಗಿದೆ. 50,000 ಬಾಕಿ ಇದೆ. ತಿಂಗಳ ಬಡ್ಡಿ 1,500 ಸೇರಿ 51,500 ಆಯಿತು. ಕನಿಷ್ಠ ಮೊತ್ತ ಅದರ ಶೇ. 5, ಅಂದರೆ 2,575. ನೀವು ಅಷ್ಟು ಕಟ್ಟಿದಿರಿ. ಸಾಲ ಇಳಿದದ್ದು ಬರೀ 1,075. ಹೀಗೇ ಕನಿಷ್ಠವನ್ನೇ ಕಟ್ಟುತ್ತಾ ಹೋದರೆ, ಹೊಸದಾಗಿ ಒಂದು ಕಾಸಿನ ಸಾಮಾನು ಕೊಳ್ಳದಿದ್ದರೂ, ಸಾಲ ಅರ್ಧಕ್ಕೆ ಇಳಿಯಲು 32 ತಿಂಗಳು ಬೇಕು.

ಹಲವು ಸಾಲ ಇದ್ದರೆ ಯಾವುದು ಮೊದಲು? ಲೆಕ್ಕ ಹೇಳುವುದು, ಬಡ್ಡಿ ದರ ಜಾಸ್ತಿ ಇರುವುದು ಮೊದಲು. ಮನಸ್ಸು ಹೇಳುವುದು, ಚಿಕ್ಕ ಸಾಲ ಮೊದಲು, ಒಂದಾದರೂ ತೀರಿತು ಎಂಬ ಸಮಾಧಾನ ಸಿಗಲಿ. ನಾನು ಲೆಕ್ಕದ ಕಡೆಯವನು. ಆದರೆ ಹಿಂದೆ ಎರಡು ಸಲ ಶುರು ಮಾಡಿ ಕೈಬಿಟ್ಟಿದ್ದರೆ ನೀವು ಚಿಕ್ಕದನ್ನೇ ಮೊದಲು ಮುಗಿಸಿ.

ಎಡವುವ ಜಾಗ: ಬೇರೆಯವರ ಸಾಲಕ್ಕೆ ಜಾಮೀನು ನಿಲ್ಲುವುದು. ಅವರು ಕಟ್ಟದಿದ್ದರೆ ಬ್ಯಾಂಕು ನಿಮ್ಮ ಹತ್ತಿರ ಬರುತ್ತದೆ. ಆ ಸಾಲವನ್ನು ನಿಮ್ಮದೇ ಅಂದುಕೊಂಡು ಹಾಳೆಯ ಮೂರನೇ ಅಂಕಿಗೆ ಸೇರಿಸಿ ನೋಡಿ. ಆಮೇಲೂ ಸಹಿ ಹಾಕಬಹುದು ಅನ್ನಿಸಿದರೆ ಹಾಕಿ.

ಹಂತ 4: ನಿಮ್ಮನ್ನು ನಂಬಿದವರು ಇದ್ದಾಗ

ಮದುವೆ, ಮಗು, ವಯಸ್ಸಾದ ತಂದೆತಾಯಿ. ನಿಮ್ಮ ದುಡಿಮೆಯ ಮೇಲೆ ಇನ್ನೊಬ್ಬರು ನಿಂತ ದಿನದಿಂದ ಲೆಕ್ಕ ಬದಲಾಗುತ್ತದೆ. ಈಗ ವಿಮೆ ಬೇಕು, ಎರಡು ಬಗೆಯದು.

ಆರೋಗ್ಯ ವಿಮೆ ಗಟ್ಟಿಯಾಗಿರುವಾಗಲೇ ಮಾಡಿಸಿ. ಕಾಯಿಲೆ ಕಾಣಿಸಿದ ಮೇಲೆ ಕಂತು ಏರಬಹುದು, ವಿಮೆಯೇ ಸಿಗದಿರಬಹುದು, ಇಲ್ಲವೇ ಆ ಕಾಯಿಲೆಗೆ ಇಷ್ಟು ವರ್ಷ ಕಾಯಬೇಕು ಎಂಬ ಷರತ್ತು ಬರಬಹುದು. ಅರ್ಜಿಯಲ್ಲಿ ಹಳೆಯ ಕಾಯಿಲೆ ಮುಚ್ಚಿಡಬೇಡಿ. ಆಸ್ಪತ್ರೆ ಸೇರಿದ ದಿನ ಅದು ಹೊರಬಂದರೆ ಕಟ್ಟಿದ ಕಂತೆಲ್ಲ ನೀರುಪಾಲು.

ಇನ್ನೊಂದು ಟರ್ಮ್ ಇನ್ಶೂರೆನ್ಸ್. ಇಂತಿಷ್ಟು ವರ್ಷದೊಳಗೆ ನೀವು ತೀರಿಕೊಂಡರೆ ಮನೆಯವರಿಗೆ ಹಣ ಬರುತ್ತದೆ, ಬದುಕಿದ್ದರೆ ಏನೂ ಬರುವುದಿಲ್ಲ. "ಹಾಗಾದರೆ ಕಟ್ಟಿದ್ದು ದಂಡ ಅಲ್ವಾ?" ಅಂತ ತುಂಬಾ ಜನ ಕೇಳುತ್ತಾರೆ. ದಂಡವಾಗಲಿ ಎಂದೇ ಅದನ್ನು ಕಟ್ಟುವುದು. ಹಣ ವಾಪಸ್ ಬರುವ ಪಾಲಿಸಿಗಳಲ್ಲಿ ವಿಮೆಯ ಜೊತೆ ಉಳಿತಾಯ ಬೆರೆತಿರುತ್ತದೆ. ಅದೇ ಕಂತಿಗೆ ಸಿಗುವ ವಿಮೆ ಮೊತ್ತ ತೀರಾ ಕಡಿಮೆ, ಉಳಿತಾಯದ ಬೆಳವಣಿಗೆಯೂ ಸಾಮಾನ್ಯವಾಗಿ ಅಷ್ಟಕ್ಕಷ್ಟೇ. ಎರಡನ್ನೂ ಬೇರೆ ಬೇರೆ ಇಡಿ.

ಎಷ್ಟು ಮೊತ್ತಕ್ಕೆ? ವರ್ಷದ ಸಂಬಳದ ಹತ್ತು ಪಟ್ಟು ಎಂಬುದು ದಪ್ಪ ಲೆಕ್ಕ. ಹೀಗೆ ಮಾಡಿದರೆ ಇನ್ನೂ ಸರಿ. ಮನೆಯ ಖರ್ಚು ವರ್ಷಕ್ಕೆ 4 ಲಕ್ಷ, ಕೊನೆಯ ಮಗು ತನ್ನ ಕಾಲ ಮೇಲೆ ನಿಲ್ಲಲು 20 ವರ್ಷ ಬೇಕು. ಅಲ್ಲಿಗೆ 80 ಲಕ್ಷ. ಸಾಲ 25 ಲಕ್ಷ, ಓದಿಗೆ 15 ಲಕ್ಷ ಸೇರಿಸಿ. ಈಗಾಗಲೇ ಇರುವ ಉಳಿತಾಯ 10 ಲಕ್ಷ ಕಳೆಯಿರಿ. 1.1 ಕೋಟಿ ಬಂತು. ಹಣದುಬ್ಬರ ಎಲ್ಲಿ ಅಂತ ಕೇಳುತ್ತೀರಿ. ಬಂದ ಹಣಕ್ಕೆ ಬಡ್ಡಿಯೂ ಸಿಗುತ್ತದಲ್ಲ, ಎರಡೂ ಹೆಚ್ಚುಕಡಿಮೆ ಒಂದಕ್ಕೊಂದು ವಜಾ.

ಮನೆ ನೋಡಿಕೊಳ್ಳುವವರಿಗೆ ಸಂಬಳ ಇಲ್ಲ, ಹಾಗಾಗಿ ವಿಮೆ ಬೇಡ ಅನ್ನುವವರಿದ್ದಾರೆ. ಅವರು ಮಾಡುವ ಕೆಲಸಗಳಿಗೆಲ್ಲ ಜನ ಇಟ್ಟರೆ ತಿಂಗಳಿಗೆ ಎಷ್ಟಾಗುತ್ತದೆ ಅಂತ ಬರೆದು ನೋಡಿ. ಮಾತು ಅಲ್ಲಿಗೆ ಮುಗಿಯುತ್ತದೆ.

ನಿಮ್ಮನ್ನು ನಂಬಿದವರು ಯಾರೂ ಇಲ್ಲವೇ? ಹಾಗಾದರೆ ಟರ್ಮ್ ಇನ್ಶೂರೆನ್ಸ್ ನಿಮಗೆ ಬೇಡ. ಮಾರಲು ಬಂದವರು ಏನೇ ಹೇಳಲಿ.

ಹಂತ 5: ದೂರದ ಹಣ ಎಲ್ಲಿ ಇಡಬೇಕು?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ನೋಡಿ, ಐದನೇ ಹಂತಕ್ಕೆ ಬಂತು. ಇಲ್ಲಿ ಒಂದೇ ನಿಯಮ: ಹಣ ಯಾವಾಗ ಬೇಕು ಅನ್ನುವುದು ಅದು ಎಲ್ಲಿರಬೇಕು ಅನ್ನುವುದನ್ನು ತೀರ್ಮಾನಿಸುತ್ತದೆ. ಮೂರು ವರ್ಷದೊಳಗೆ ಬೇಕಾದದ್ದು ಠೇವಣಿಯಲ್ಲಿ. ಹತ್ತು ವರ್ಷ ದಾಟಿ ಬೇಕಾಗುವುದರಲ್ಲಿ ದೊಡ್ಡ ಪಾಲು ಷೇರಿನಲ್ಲಿ ಇರಬಹುದು. ನಡುವಿನದಕ್ಕೆ ಎರಡೂ ಬೆರಕೆ.

ಒಂದೊಂದೇ ಕಂಪನಿ ಆರಿಸುವ ಬದಲು ಇಂಡೆಕ್ಸ್ ಫಂಡ್ ನೋಡಿ. ಮಾರುಕಟ್ಟೆಯ ಒಂದು ಪಟ್ಟಿಯಲ್ಲಿರುವ ಎಲ್ಲ ಕಂಪನಿಗಳ ಷೇರನ್ನೂ ಅದೇ ಪ್ರಮಾಣದಲ್ಲಿ ಕೊಂಡಿಟ್ಟುಕೊಳ್ಳುವ ಫಂಡ್ ಇದು. ಆರಿಸುವ ಕೆಲಸ ಇಲ್ಲದ್ದರಿಂದ ಶುಲ್ಕ ಕಡಿಮೆ. ಜಾನ್ ಬೋಗಲ್ ಅವರ ವ್ಯಾನ್‌ಗಾರ್ಡ್ ಸಂಸ್ಥೆ 1976ರಲ್ಲಿ ಜನಸಾಮಾನ್ಯರಿಗೆ ಇಂಥದ್ದನ್ನು ತಂದಾಗ ಅಮೆರಿಕದಲ್ಲಿ ಗೇಲಿ ಮಾಡಿದವರೇ ಜಾಸ್ತಿ.

ಶುಲ್ಕವನ್ನು ಹಗುರವಾಗಿ ನೋಡಬೇಡಿ. ಒಂದು ಲಕ್ಷ 30 ವರ್ಷ ಶೇ. 8ರಂತೆ ಬೆಳೆದರೆ 10.06 ಲಕ್ಷ. ಶುಲ್ಕ ಶೇ. 1 ಹೋಗಿ ಶೇ. 7ರಂತೆ ಬೆಳೆದರೆ 7.61 ಲಕ್ಷ. ಒಂದು ಪರ್ಸೆಂಟ್ ಅಂದದ್ದು ಸುಮಾರು ಕಾಲು ಭಾಗವನ್ನೇ ತಿಂದುಹಾಕಿತು.

ಎಡವುವ ಜಾಗ: ಬಿದ್ದಾಗ ಮಾರುವುದು. ಷೇರು ಅರ್ಧಕ್ಕೆ ಬೀಳುವುದೂ ಉಂಟು. ಶೇ. 50 ಬಿದ್ದದ್ದು ಮೊದಲಿನ ಮಟ್ಟಕ್ಕೆ ಬರಲು ಶೇ. 100 ಏರಬೇಕು. ಅದನ್ನು ಕಾಯುವ ತಾಳ್ಮೆ ನಿಮಗಿದೆಯಾ ಎಂಬುದು ಬೀಳುವವರೆಗೆ ನಿಮಗೂ ಗೊತ್ತಿರುವುದಿಲ್ಲ. ಮೊದಲ ಬೀಳು ನೋಡುವವರೆಗೆ ಕಡಿಮೆ ಮೊತ್ತವೇ ಇರಲಿ.

ಹಂತ 6: ಮನೆ ಸಾಲ

ಕಂತು, ಅಂದರೆ ಇಎಂಐ, ಪ್ರತಿ ತಿಂಗಳೂ ಒಂದೇ. ಆದರೆ ಅದರ ಒಳಗಿನ ಪಾಲು ಬದಲಾಗುತ್ತಿರುತ್ತದೆ. 30 ಲಕ್ಷ ಸಾಲ, ಶೇ. 9 ಬಡ್ಡಿ, 20 ವರ್ಷ. ಕಂತು ಸುಮಾರು 27,000. ಮೊದಲ ತಿಂಗಳು ಅದರಲ್ಲಿ 22,500 ಬಡ್ಡಿಗೇ ಹೋಗುತ್ತದೆ. ಐದು ವರ್ಷದಲ್ಲಿ ಕಟ್ಟಿದ್ದು 16 ಲಕ್ಷಕ್ಕೂ ಮೀರಿ. ಅಸಲು ಇಳಿದದ್ದು 3.4 ಲಕ್ಷ. ಬ್ಯಾಂಕಿನ ಹಾಳೆ ನೋಡಿ ಮೋಸ ಆಯಿತು ಅಂತ ಜಗಳಕ್ಕೆ ಹೋಗಬೇಡಿ, ಲೆಕ್ಕವೇ ಹಾಗೆ.

ಇದೇ ಕಾರಣಕ್ಕೆ ಮೊದಲ ವರ್ಷಗಳಲ್ಲಿ ಕಟ್ಟುವ ಹೆಚ್ಚುವರಿ ಹಣಕ್ಕೆ ಬಲ ಜಾಸ್ತಿ. ಈ ಸಾಲದಲ್ಲಿ ವರ್ಷಕ್ಕೆ ಒಂದೇ ಒಂದು ಕಂತು ಹೆಚ್ಚಿಗೆ ಕಟ್ಟುತ್ತಾ ಹೋದರೆ 20 ವರ್ಷದ ಸಾಲ ಹದಿನಾರೂವರೆ ವರ್ಷಕ್ಕೆ ಮುಗಿಯುತ್ತದೆ. ಕಟ್ಟುವಾಗ "ಕಂತು ಇಳಿಸಬೇಡಿ, ಅವಧಿ ಇಳಿಸಿ" ಅಂತ ಹೇಳಲು ಮರೆಯಬೇಡಿ. ಅವಧಿಗೆ ಮೊದಲೇ ಕಟ್ಟಿದರೆ ದಂಡ ಇದೆಯಾ ಎಂಬುದನ್ನು ಸಾಲ ತೆಗೆಯುವ ಮುಂಚೆಯೇ ಓದಿಕೊಳ್ಳಿ.

ಸ್ವಂತ ಮನೆಯೋ ಬಾಡಿಗೆಯೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಅದು ಬರೀ ಹಣದ ಲೆಕ್ಕ ಅಲ್ಲ. ಕಂತು ಕಟ್ಟಿದ ಮೇಲೂ ಹಂತ 2 ಮತ್ತು 4 ಅಲುಗಾಡದೆ ನಿಲ್ಲುತ್ತವೆಯೇ ಎಂಬುದನ್ನಷ್ಟೇ ನೋಡಿ.

ಹಂತ 7: ನಲವತ್ತರ ಜಗ್ಗಾಟ

ಒಂದು ಕಡೆ ಮಕ್ಕಳ ಓದು, ಇನ್ನೊಂದು ಕಡೆ ತಂದೆತಾಯಿಯ ಔಷಧಿ, ಹಿಂದೆ ನಿವೃತ್ತಿ. ಮೂರರಲ್ಲಿ ಸದ್ದು ಮಾಡದೆ ನಿಂತಿರುವುದು ನಿವೃತ್ತಿ. ಹಾಗಾಗಿ ಎಲ್ಲರೂ ಕೈ ಹಾಕುವುದು ಅದರ ಜೇಬಿಗೇ.

ನನ್ನ ಮಾತು ಕಟುವಾಗಿ ಕೇಳಬಹುದು. ಓದಿಗೆ ಸಾಲ ಸಿಗುತ್ತದೆ, ನಿವೃತ್ತಿಗೆ ಸಾಲ ಕೊಡುವವರು ಯಾರೂ ಇಲ್ಲ. ನಿವೃತ್ತಿಯ ಹಣವನ್ನು ಓದಿಗೆ ಸುರಿದರೆ ಇಪ್ಪತ್ತು ವರ್ಷ ಬಿಟ್ಟು ಅದೇ ಮಕ್ಕಳ ಹೆಗಲ ಮೇಲೆ ಕೂರಬೇಕಾಗುತ್ತದೆ. ಅಷ್ಟು ಹೊತ್ತಿಗೆ ಅವರಿಗೂ ಮಕ್ಕಳಿರುತ್ತಾರೆ. ಕಾಲೇಜು ಆರಿಸುವ ವರ್ಷಕ್ಕೆ ಕಾಯದೆ, ನಿಮ್ಮ ಕೈಯಲ್ಲಿ ಎಷ್ಟು ಆಗುತ್ತದೆ ಅಂತ ಮಗುವಿಗೆ ಮೊದಲೇ ಬಿಡಿಸಿ ಹೇಳಿ.

ಈಗ ನಿವೃತ್ತಿಗೆ ಎಷ್ಟು ಬೇಕು ಅಂತ ನೋಡೋಣ. ವಿಲಿಯಂ ಬೆಂಗೆನ್ ಎಂಬ ಹಣಕಾಸು ಸಲಹೆಗಾರ 1994ರಲ್ಲಿ ಒಂದು ಲೆಕ್ಕ ಮಾಡಿದ. ಕೂಡಿಟ್ಟ ಗಂಟಿನಲ್ಲಿ ಮೊದಲ ವರ್ಷ ಶೇ. 4 ತೆಗೆದು, ಮುಂದೆ ಪ್ರತಿ ವರ್ಷ ಹಣದುಬ್ಬರದಷ್ಟು ಹೆಚ್ಚಿಸುತ್ತಾ ಹೋದರೆ, ಗಂಟು ಕನಿಷ್ಠ 30 ವರ್ಷ ಬಾಳಿಕೆ ಬರುತ್ತಿತ್ತು. ತಿರುಗಿಸಿ ಹೇಳಿದರೆ, ವರ್ಷದ ಖರ್ಚಿನ 25 ಪಟ್ಟು ಗಂಟು ಬೇಕು. ಇದು ಅಮೆರಿಕದ ಷೇರು ಮತ್ತು ಬಾಂಡುಗಳ ಹಳೆಯ ಅಂಕಿಗಳ ಮೇಲೆ ಮಾಡಿದ್ದು. (ಬಾಂಡು ಅಂದರೆ ಸರ್ಕಾರಕ್ಕೋ ಕಂಪನಿಗೋ ನೀವು ಕೊಡುವ ಸಾಲದ ಪತ್ರ.) ಬೇರೆ ದೇಶಕ್ಕೆ ಹಾಗೇ ಹೊಂದಬೇಕಿಲ್ಲ. ನಾನಾಗಿದ್ದರೆ 30 ಪಟ್ಟು ಇಟ್ಟುಕೊಳ್ಳುತ್ತೇನೆ.

ಎಡವುವ ಜಾಗ ಇಲ್ಲೇ ಇದೆ. ಇವತ್ತಿನ ಖರ್ಚನ್ನು 25ರಿಂದ ಗುಣಿಸಬೇಡಿ. ನಿಮಗೀಗ 45, ಖರ್ಚು ತಿಂಗಳಿಗೆ 30,000. ಶೇ. 6 ಹಣದುಬ್ಬರಕ್ಕೆ 60ರ ಹೊತ್ತಿಗೆ ಅದೇ ಜೀವನಕ್ಕೆ ಸುಮಾರು 72,000 ಬೇಕು. ವರ್ಷಕ್ಕೆ 8.64 ಲಕ್ಷ. 25 ಪಟ್ಟು ಅಂದರೆ 2.16 ಕೋಟಿ. ಎದೆ ಧಸಕ್ ಅಂತಾ? ಪಿಂಚಣಿ ಬರುವುದಾದರೆ ಅಷ್ಟನ್ನು ಖರ್ಚಿನಿಂದ ಮೊದಲು ಕಳೆಯಿರಿ. ಆ ಹೊತ್ತಿಗೆ ಮನೆ ಸಾಲ, ಶಾಲೆ ಫೀಸು ಇರುವುದಿಲ್ಲ, ಅವನ್ನೂ ಕಳೆಯಿರಿ. ಔಷಧಿಗೆ ಸ್ವಲ್ಪ ಸೇರಿಸಿ.

47ಕ್ಕೆ ಶುರು ಮಾಡಿದರೆ ತಡವಾಯ್ತಾ ಅಂತ ಕೇಳಿದವರಿಗೆ: ಹೌದು, ತಡವಾಗಿದೆ. ಕಾಲ ಮಾಡುತ್ತಿದ್ದ ಕೆಲಸವನ್ನು ಈಗ ಮೊತ್ತ ಮಾಡಬೇಕು. ಶೇ. 20 ಅಲ್ಲ, ಶೇ. 35–40 ಉಳಿಸುವ ದಾರಿ ಹುಡುಕಿ. ಎರಡು ಮೂರು ವರ್ಷ ಜಾಸ್ತಿ ದುಡಿಯುವುದೂ ದೊಡ್ಡ ಸಹಾಯ. ಕೂಡಿಡುವ ವರ್ಷ ಹೆಚ್ಚುತ್ತದೆ, ತಿನ್ನುವ ವರ್ಷ ಇಳಿಯುತ್ತದೆ. ಕಳೆದದ್ದನ್ನು ಬೇಗ ಹಿಡಿಯುತ್ತೇನೆ ಅಂತ ಅಪಾಯದ ಹೂಡಿಕೆಗೆ ಮಾತ್ರ ಹಾರಬೇಡಿ.

ಹಂತ 8: ನಿವೃತ್ತಿಯ ಹಿಂದೆ ಮುಂದೆ

ಈವರೆಗೆ ಷೇರು ಬಿದ್ದರೆ ಕಾಯಬಹುದಿತ್ತು. ನಿವೃತ್ತಿಯಾದ ಮೇಲೆ ಕಾಯಲು ಆಗುವುದಿಲ್ಲ, ಪ್ರತಿ ತಿಂಗಳೂ ತೆಗೆಯಬೇಕು. ಹಾಗಾಗಿ ಏರಿಳಿತ ಯಾವ ಕ್ರಮದಲ್ಲಿ ಬಂತು ಎಂಬುದೇ ಮುಖ್ಯವಾಗುತ್ತದೆ.

100 ಇದೆ. ಪ್ರತಿ ವರ್ಷದ ಶುರುವಿಗೆ 6 ತೆಗೆಯುತ್ತೀರಿ. ಮೊದಲ ವರ್ಷ ಶೇ. 30 ಬಿತ್ತು, ಎರಡನೇ ವರ್ಷ ಶೇ. 10 ಏರಿತು, ಮೂರನೇ ವರ್ಷ ಶೇ. 30 ಏರಿತು. ಕೊನೆಗೆ ಉಳಿದದ್ದು ಸುಮಾರು 78. ಇದನ್ನೇ ತಿರುಗಾಮುರುಗಾ ಮಾಡಿ, ಏರಿದ್ದು ಮೊದಲು, ಬಿದ್ದದ್ದು ಕೊನೆಗೆ. ಉಳಿದದ್ದು 85. ಹಣ ತೆಗೆಯದೇ ಇದ್ದಿದ್ದರೆ ಎರಡೂ ಕಡೆ 100 ಇರುತ್ತಿತ್ತು. ಬರೀ ಕ್ರಮ ಬದಲಾದದ್ದಕ್ಕೆ ಒಂದು ವರ್ಷದ ಖರ್ಚಿಗಿಂತ ಜಾಸ್ತಿ ವ್ಯತ್ಯಾಸ.

ಇದಕ್ಕೆ ಮದ್ದು: ನಿವೃತ್ತಿಗೆ ಐದು ವರ್ಷ ಇರುವಾಗಿಂದಲೇ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಷೇರಿನಿಂದ ತೆಗೆದು ಠೇವಣಿಗೆ ಸರಿಸಿ. ನಿವೃತ್ತಿಯ ದಿನ ಮೂರರಿಂದ ಐದು ವರ್ಷದ ಖರ್ಚು ಏರಿಳಿಯದ ಕಡೆ ಇರಲಿ. ಷೇರು ಬಿದ್ದ ವರ್ಷ ಅದರಿಂದ ತೆಗೆದು ತಿನ್ನಿ, ಷೇರನ್ನು ಮುಟ್ಟಬೇಡಿ. ಹಾಗಂತ ಎಲ್ಲವನ್ನೂ ಠೇವಣಿಗೆ ಹಾಕಬೇಡಿ. 60ಕ್ಕೆ ನಿವೃತ್ತರಾಗಿ 85ರವರೆಗೆ ಬದುಕಿದರೆ ಶೇ. 6ರ ಹಣದುಬ್ಬರಕ್ಕೆ ಬೆಲೆಗಳು ಎರಡು ಸಲ ದುಪ್ಪಟ್ಟಾಗಿರುತ್ತವೆ.

ದೊಡ್ಡ ಮೊತ್ತ ಒಟ್ಟಿಗೆ ಕೈಗೆ ಬರುವ ಕಾಲವಿದು, ಮೋಸಗಾರರಿಗೂ ಅದು ಗೊತ್ತು. ಚಾರ್ಲ್ಸ್ ಪೊಂಜಿ 1920ರಲ್ಲಿ ಬಾಸ್ಟನ್ನಿನಲ್ಲಿ 45 ದಿನಕ್ಕೆ ಶೇ. 50 ಲಾಭ ಕೊಡುತ್ತೇನೆ ಅಂದ. ಹೊಸಬರು ತಂದ ಹಣವನ್ನೇ ಹಳಬರಿಗೆ ಲಾಭ ಅಂತ ಹಂಚಿದ. ಹೊಸಬರು ನಿಂತ ದಿನ ಎಲ್ಲ ಕುಸಿಯಿತು. ಇವತ್ತಿಗೂ ಆಟ ಅದೇ, ವೇಷ ಬೇರೆ. ಯಾರಾದರೂ "ಎರಡು ವರ್ಷಕ್ಕೆ ದುಪ್ಪಟ್ಟು" ಅಂದರೆ 72ರ ಲೆಕ್ಕ ಹಾಕಿ. 72ನ್ನು 2ರಿಂದ ಭಾಗಿಸಿದರೆ ವರ್ಷಕ್ಕೆ ಶೇ. 36. ಅದೇ ಊರಿನ ಬ್ಯಾಂಕು ಎಷ್ಟು ಕೊಡುತ್ತಿದೆ ನೋಡಿ. ಅಷ್ಟು ಲಾಭದ ವ್ಯವಹಾರ ಇದ್ದಿದ್ದರೆ ಅವರು ಬ್ಯಾಂಕಿನಲ್ಲೇ ಸಾಲ ತೆಗೆದು ತಾವೇ ಮಾಡಿಕೊಳ್ಳುತ್ತಿದ್ದರು, ನಿಮ್ಮ ಬಾಗಿಲಿಗೆ ಯಾಕೆ ಬರುತ್ತಿದ್ದರು?

ಹಂತ 9: ಒಂದು ಫೈಲು

ಇದು ಕೊನೆಗೆ ಬಂದಿದೆ, ಆದರೆ ಮಾಡಬೇಕಾದದ್ದು ಇವತ್ತೇ, ನಿಮಗೆ ಯಾವ ವಯಸ್ಸಾದರೂ ಸರಿ. ಖಾತೆಗಳ ಪಟ್ಟಿ, ಪಾಲಿಸಿ ನಂಬರು, ಸಾಲದ ವಿವರ, ಯಾರಿಗೆ ಕೊಟ್ಟಿದ್ದೀರಿ, ಯಾರಿಂದ ತಂದಿದ್ದೀರಿ, ಎಲ್ಲ ಒಂದೇ ಫೈಲಿನಲ್ಲಿ ಇರಲಿ. ಪಾಸ್‌ವರ್ಡುಗಳನ್ನು ಅದರಲ್ಲಿ ಬರೆಯಬೇಡಿ, ಅವು ಎಲ್ಲಿವೆ ಅಂತಷ್ಟೇ ಬರೆಯಿರಿ.

ಪ್ರತಿ ಖಾತೆಗೂ ನಾಮಿನಿ, ಅಂದರೆ ನಿಮ್ಮ ನಂತರ ಹಣ ಪಡೆಯುವವರ ಹೆಸರು, ಇದೆಯೇ ನೋಡಿ. ಮದುವೆಗೆ ಮುಂಚೆ ತೆರೆದ ಖಾತೆಗಳಲ್ಲಿ ಹಳೆಯ ಹೆಸರೇ ಉಳಿದುಬಿಟ್ಟಿರುತ್ತದೆ. ಕೆಲವು ದೇಶಗಳ ಕಾನೂನಿನಲ್ಲಿ ನಾಮಿನಿ ಹಣವನ್ನು ಕೈಗೆ ತಗೊಳ್ಳುವವರಷ್ಟೇ, ಹಕ್ಕುದಾರರು ಬೇರೆ ಇರಬಹುದು. ಅದಕ್ಕೇ ಉಯಿಲು ಬೇಕು. ಯಾವ ಆಸ್ತಿ ಯಾರಿಗೆ ಎಂದು ಬರೆದು, ಸಾಕ್ಷಿಗಳ ಮುಂದೆ ಸಹಿ ಹಾಕಿದ ಪತ್ರ ಅದು. ಮಗು ಹುಟ್ಟಿದಾಗ, ಮನೆ ಕೊಂಡಾಗ, ಹೆಸರಿರುವವರು ತೀರಿಕೊಂಡಾಗ ಅದನ್ನು ಬದಲಿಸಿ.

ಫೈಲು ಎಲ್ಲಿದೆ ಅಂತ ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಬೇಕು. ಹೇಳಿದರೆ ಸಾಲದು, ಕೂರಿಸಿಕೊಂಡು ಒಂದು ಸಲ ತೆರೆದು ತೋರಿಸಿ. ವರ್ಷಕ್ಕೊಮ್ಮೆ, ಇಂಥ ದಿನ ಅಂತ ಗೊತ್ತು ಮಾಡಿಕೊಂಡು, ಮೊದಲ ಹಾಳೆಯ ಆ ನಾಲ್ಕು ಅಂಕಿಗಳನ್ನು ಹೊಸದಾಗಿ ಬರೆದು ಅದೇ ಫೈಲಿಗೆ ಸೇರಿಸಿ. ಹಳೆಯ ಹಾಳೆಯನ್ನು ಹರಿಯಬೇಡಿ.